ಔಷಧಿ ಹೊಡೆದ ಮೇಲೆ ಬೆವರು, ಮಂಜುಗಣ್ಣು: ಮೊದಲು ಏನು ಮಾಡಬೇಕು

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಬಾಯಿಂದಷ್ಟೇ ಅಲ್ಲ, ಚರ್ಮದಿಂದಲೂ ಒಳಗೆ ಇಳಿಯುತ್ತವೆ. ನರದಿಂದ ಸ್ನಾಯುವಿಗೆ, ಗ್ರಂಥಿಗೆ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್. ಕೆಲಸ ಮುಗಿದೊಡನೆ ಅದನ್ನು ಒಡೆಯುವ ಕಿಣ್ವಕ್ಕೆ ಈ ವಿಷ ಅಂಟಿಕೊಳ್ಳುತ್ತದೆ. ಸಂದೇಶ ನಿಲ್ಲುವುದೇ ಇಲ್ಲ: ಬೆವರು, ಜೊಲ್ಲು, ಸೂಜಿಮೊನೆಯಷ್ಟು ಕುಗ್ಗಿದ ಕಣ್ಣಪಾಪೆ, ಸ್ನಾಯುಗಳ ಅದುರು, ಕೊನೆಗೆ ಶ್ವಾಸಕೋಶದಲ್ಲಿ ಕಫ ತುಂಬಿ ಉಸಿರುಗಟ್ಟುವುದು. ಕ್ಲೋರ್‌ಪೈರಿಫಾಸನ್ನು ಇನ್ನಷ್ಟು ಉಗ್ರ ರೂಪಕ್ಕೆ ತಿರುಗಿಸುವುದು ನಮ್ಮದೇ ಯಕೃತ್ತು. ಹಾಗಾಗಿ ಲಕ್ಷಣಗಳು ತಡವಾಗಿಯೂ ಬರಬಹುದು. ‘ಬಿಸಿಲಿಗೆ ಹೀಗಾಗಿದೆ’ ಎಂದು ಮಲಗಿಸಿಬಿಡಬೇಡಿ.

ಗಾಳಿಯಾಡುವ ಕಡೆ ಕರೆತಂದು, ಕೈಗವಸು ಹಾಕಿಕೊಂಡು ಅವರ ಬಟ್ಟೆಯನ್ನೆಲ್ಲ ತೆಗೆಯಿರಿ. ಚರ್ಮದ ಚಪ್ಪಲಿ, ಬೆಲ್ಟ್ ವಿಷ ಹೀರಿರುತ್ತವೆ, ಅವನ್ನು ಮತ್ತೆ ಬಳಸುವಂತಿಲ್ಲ. ಸೋಪು ಹಚ್ಚಿ 15ರಿಂದ 20 ನಿಮಿಷ ಧಾರಾಳ ನೀರಿನಲ್ಲಿ ತೊಳೆಯಿರಿ. ಕೂದಲು, ಉಗುರುಸಂದು, ಕಂಕುಳು ಮರೆಯಬೇಡಿ. ಕಣ್ಣಿಗೆ ಬಿದ್ದಿದ್ದರೆ ಬರೀ ನೀರು, 15 ನಿಮಿಷ.

ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ಹಳೆಯ, ಅಪಾಯದ ರೂಢಿ. ಔಷಧಿಯಲ್ಲಿರುವ ಪೆಟ್ರೋಲಿಯಂ ದ್ರಾವಕ ಶ್ವಾಸಕೋಶಕ್ಕೆ ಹೊಕ್ಕು ಸುಡುತ್ತದೆ. ಹಾಲು, ತುಪ್ಪವೂ ಬೇಡ. ಎಡ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಿ, ಲೇಬಲ್ ಇರುವ ಡಬ್ಬಿ ಜೊತೆಗೊಯ್ಯಿರಿ.

ಆಸ್ಪತ್ರೆಯಲ್ಲಿ ಅಟ್ರೋಪಿನ್ ಕಫ ಒಣಗಿಸುತ್ತದೆ. ಪ್ರಾಲಿಡಾಕ್ಸಿಮ್ ಕಿಣ್ವದಿಂದ ವಿಷವನ್ನು ಬಿಡಿಸಬಲ್ಲದು, ಆದರೆ ಆ ಬೆಸುಗೆ ಗಟ್ಟಿಯಾಗುವ ಮೊದಲು ಮಾತ್ರ. ಕೆಂಪು ರಕ್ತಕಣದ ಕಿಣ್ವ ದಿನಕ್ಕೆ ಸುಮಾರು ಶೇ. 1ರಷ್ಟೇ ಮರಳುತ್ತದೆ, ಹಾಗಾಗಿ ಚೇತರಿಸಿಕೊಂಡೆವೆಂದು ಬೇಗನೆ ಮತ್ತೆ ಪಂಪು ಹೊರಬೇಡಿ.