ಲೀಕಿ ಕೇಬಲ್: ಕ್ಲಾಂಪ್ ಅಂತರ ಕೆಡಿಸಿದ ಮೇಲೆ ಟೆಟ್ರಾ ನೆಟ್ಟಗಾಯಿತು

ಅಳತೆಪಟ್ಟಿ ಹಿಡಿದು ಮೆಟ್ರೋ ಸುರಂಗದ ಲೀಕಿ ಕೇಬಲ್‌ಗೆ (ಉದ್ದಕ್ಕೂ ಸಿಗ್ನಲ್ ಸೋರಿಸುತ್ತಾ ಆಂಟೆನಾದಂತೆ ಕೆಲಸ ಮಾಡುವ ಕೇಬಲ್) ಒಂದೇ ಅಂತರಕ್ಕೆ ಕೂರಿಸಿದ ಕ್ಲಾಂಪ್ ಸಾಲು ನೋಡಲು ಚೆಂದ, ರೇಡಿಯೋಗೆ ಶತ್ರು. ಈ ಮಾತನ್ನು ಸೈಟಿನಲ್ಲಿ ಯಾರೂ ಒಪ್ಪಿರಲಿಲ್ಲ. ಈಗ ಸ್ವೀಪ್ ಗ್ರಾಫ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಹಿಂತಿರುಗುತ್ತದೆಂದು ತೋರಿಸುವುದು) ಕೈಯಲ್ಲಿದೆ.

ಬೆಂಗಳೂರು, ದೆಹಲಿ ಮೆಟ್ರೋಗಳಂತೆ ಇಲ್ಲೂ ಟೆಟ್ರಾ, ಅಂದರೆ ಸಿಬ್ಬಂದಿ ಮಾತಾಡುವ ಡಿಜಿಟಲ್ ರೇಡಿಯೋ. ಅಪ್‌ಲಿಂಕ್ (ರೇಡಿಯೋದಿಂದ ಬೇಸ್ ಸ್ಟೇಷನ್‌ಗೆ) 380–390 ಮೆಗಾಹರ್ಟ್ಸ್, ಡೌನ್‌ಲಿಂಕ್ (ಅಲ್ಲಿಂದ ರೇಡಿಯೋಗೆ) 390–400. ಕೇಬಲ್ 1-5/8 ಇಂಚಿನದು. 391 ಮೆಗಾಹರ್ಟ್ಸ್‌ನ ಕ್ಯಾರಿಯರ್‌ನಲ್ಲಿ ಮಾತು ಸ್ಪಷ್ಟ, 396ರ ಹತ್ತಿರದ್ದರಲ್ಲಿ ಮಾತ್ರ ತುಂಡು ತುಂಡು. ಕನೆಕ್ಟರ್, ಜಂಪರ್ ಎಲ್ಲ ಬದಲಾದವು, ಹಣ ದಂಡ. ಆಂಪ್ಲಿಫೈಯರ್ ಗೇನ್ ಏರಿಸಿದರೆ ಅಪ್‌ಲಿಂಕ್‌ನಲ್ಲಿ ಗದ್ದಲವೇ ಏರಿತು. ಡಿಟಿಎಫ್‌ನಲ್ಲಿ (ಕೇಬಲ್ಲಿನಲ್ಲಿ ದೋಷ ಎಷ್ಟು ದೂರದಲ್ಲಿದೆ ಎಂದು ಹುಡುಕುವ ಪರೀಕ್ಷೆ) ಎದ್ದು ಕಾಣುವ ದೋಷ ಒಂದೂ ಇಲ್ಲ. ಇರುವುದೂ ಇಲ್ಲ, ಏಕೆಂದರೆ ಪ್ರತಿ ಕ್ಲಾಂಪಿನ ಪ್ರತಿಫಲನ ಚಿಕ್ಕದು. ಕ್ಲಾಂಪ್ ಅಂತರದಲ್ಲಿ ಅರ್ಧ ತರಂಗಗಳು ಪೂರ್ಣ ಸಂಖ್ಯೆಯಲ್ಲಿ ಕೂತು, ಪ್ರತಿಫಲನಗಳು ಸಾಲಾಗಿ ಕೂಡಿದಾಗಲೇ ಪೆಟ್ಟು.

ಲೆಕ್ಕ ಹಾಕಿ ನೋಡಿ. ಕೇಬಲ್ಲಿನೊಳಗೆ ಸಿಗ್ನಲ್ ವೇಗ ಬೆಳಕಿನ ವೇಗದ 0.88 ಪಟ್ಟು. ಬೆಂಕಿ ಬಿದ್ದರೂ ಕೇಬಲ್ ಕಳಚದಿರಲೆಂದು ಹಾಕುವ ಲೋಹದ ಕ್ಲಾಂಪ್ 10 ಮೀಟರಿಗೊಂದು ಇದ್ದರೆ ಪ್ರತಿ 13.2 ಮೆಗಾಹರ್ಟ್ಸ್‌ಗೆ ಒಂದು ಗುಂಡಿ: 382.8, ಆಮೇಲೆ 396. ಎರಡೂ ನಮ್ಮ ಬ್ಯಾಂಡಿನೊಳಗೇ! ರಿಟರ್ನ್ ಲಾಸ್ (ಇದು ಹೆಚ್ಚಿದ್ದಷ್ಟೂ ಹಿಂತಿರುಗುವ ಸಿಗ್ನಲ್ ಕಡಿಮೆ) ಅಲ್ಲಿ 11–12 ಡಿಬಿಗೆ ಇಳಿದಿತ್ತು.

ಪ್ಲಾಸ್ಟಿಕ್ ಕ್ಲಾಂಪ್ ಮುಟ್ಟಲಿಲ್ಲ, ಲೋಹದ್ದನ್ನಷ್ಟೇ ಸರಿಸಿದೆವು. ಎರಡು ಮೂರು ಸೆಂಟಿಮೀಟರ್ ಆಚೀಚೆ ಮಾಡಿದರೆ ಏನೂ ಆಗದು. ಕೇಬಲ್ಲಿನೊಳಗೆ ಅರ್ಧ ತರಂಗ ಸುಮಾರು 34 ಸೆಂ.ಮೀ., ಅಷ್ಟೂ ಹರವಿನಲ್ಲಿ ಚದುರಿರಬೇಕು. ಆ ಹರವಿನೊಳಗೆ ಎಲ್ಲೆಂದರಲ್ಲಿ ಚದುರಿಸಿದರೂ ಸಾಕು. ನಾವು ಬಳಸಿದ ಅಳತೆಗಳ ಸರಣಿ ನಮ್ಮಲ್ಲೇ ಇರಲಿ. ಹೊಸ ತೂತು ಸೆಗ್ಮೆಂಟ್ (ಸುರಂಗ ಗೋಡೆಯ ಕಾಂಕ್ರೀಟ್ ತುಂಡು) ಜೋಡಣೆಯಿಂದ ಒಂದು ಗೇಣಾದರೂ ದೂರ ಇರಲಿ, ಗ್ಯಾಸ್ಕೆಟ್‌ಗೆ ಡ್ರಿಲ್ ತಗುಲಿದರೆ ನೀರು ಜಿನುಗುತ್ತದೆ. ಕಬ್ಬಿಣದ ಸರಳು ಸಿಕ್ಕರೆ ಒತ್ತಬೇಡಿ, ಜಾಗ ಬದಲಿಸಿ. ಹಳೆಯ ತೂತಿಗೆ ಗ್ರೌಟ್ ತುಂಬಿ.

ಕಿಲೋಮೀಟರಿಗೆ ನೂರು ತೂತು. ರಾತ್ರಿ ಬ್ಲಾಕ್‌ನ (ರೈಲು ನಿಲ್ಲಿಸಿ ಕೆಲಸಕ್ಕೆ ಬಿಡುವ ಹೊತ್ತು) ಕೂಲಿ, ಟ್ರಾಲಿ, ಆಂಕರ್ ಎಲ್ಲ ಸೇರಿ ಅಂದಾಜು 70 ಸಾವಿರ. ಇನ್ನೊಂದು ಆಂಪ್ಲಿಫೈಯರ್ ಹಾಕಿಸಲು ಹೇಳಿದ್ದು ನಾಲ್ಕು ಲಕ್ಷದ ಮೇಲೆ. ರಿಟರ್ನ್ ಲಾಸ್ ಈಗ 20ರ ಆಸುಪಾಸು, 396ರ ಕ್ಯಾರಿಯರ್‌ನಲ್ಲೂ ಮಾತು ಮುರಿಯುವುದಿಲ್ಲ.

ನಡುವೆ ಸುರಂಗದ ಬಾಯಿಗೆ ಒಂದೇ ದಿಕ್ಕಿಗೆ ಸಿಗ್ನಲ್ ಬಿಡುವ ಯಾಗಿ ಆಂಟೆನಾ ಇಟ್ಟೂ ನೋಡಿದೆವು. ನೇರ ಹಾದಿಯಲ್ಲಿ ಪರವಾಗಿಲ್ಲ. ತಿರುವು ಬಂದರೆ, ಅದಕ್ಕಿಂತ ಹೆಚ್ಚಾಗಿ ನಡುವೆ ರೈಲು ನಿಂತರೆ, ಸಿಗ್ನಲ್ ಕುಸಿಯುತ್ತದೆ.

ಇದೇ ಕೇಬಲ್‌ನಲ್ಲಿ ಮೊಬೈಲಿನ 900 ಮೆಗಾಹರ್ಟ್ಸ್ ಕೂಡ ಓಡಿಸುವುದಾದರೆ ಅದರ ಅರ್ಧ ತರಂಗ 15 ಸೆಂ.ಮೀ. ಒಳಗೇ. 34ರ ಹರವು ಅದಕ್ಕೂ ಸಾಲುತ್ತದೆ, ಆದರೆ ಆ ಬ್ಯಾಂಡಿಗೆ ಬೇರೆಯೇ ಸ್ವೀಪ್ ಮಾಡಿ.