ಮರದ ಉಂಗುರದಲ್ಲಿ ಹಳೇ ಕಾಲದ ಬಿಸಿಲು ಹುಡುಕೋದು ಹೇಗೆ?

ಮಂಡ್ಯದಲ್ಲಿ ನಮ್ಮ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಪಕ್ಕದಲ್ಲಿದೆ. 1971ರ ಮಳೆಗಾಲದಲ್ಲಿ ಅಪ್ಪ ಬದುವಿನ ಮೇಲೆ ತೇಗ ನೆಟ್ಟಿದ್ದರು. 2019ರ ಮಾರ್ಚ್‌ನಲ್ಲಿ ಒಂದನ್ನು ಕಡಿಸಿದಾಗ, ಬುಡದ ಒಂದು ಬಿಲ್ಲೆಯನ್ನು ಸಾಮಿಲ್‌ನಲ್ಲಿ ಕೊಯ್ಸಿ ಮನೆಗೆ ತಂದೆ. ಉಂಗುರ ಎಣಿಸಿದರೆ 51. ಇರಬೇಕಾದದ್ದು 48!

ಬಿಲ್ಲೆಯನ್ನು ಸರಿಯಾಗಿ ಉಜ್ಜದೇ ಎಣಿಸಿದ್ದೆ. ಉಪ್ಪುಕಾಗದ ಒರಟಿನಿಂದ ಶುರುವಾಗಿ 400ನೇ ನಂಬರಿನವರೆಗೆ ಹೋಗಬೇಕು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಭೂತಗನ್ನಡಿ ಹಿಡಿಯಿರಿ. ಬೇಸಿಗೆಯಲ್ಲಿ ಎಲೆ ಉದುರಿಸಿದ ತೇಗ ಮತ್ತೆ ಬೆಳೆಯಲು ಶುರು ಮಾಡಿದಾಗ ದೊಡ್ಡ ತೂತುಗಳ ಸಾಲು ಮೂಡುತ್ತದೆ. ಅಲ್ಲಿಂದ ಮುಂದಿನ ಸಾಲಿಗೆ ಒಂದು ವರ್ಷ. ಮಳೆ ನಡುವೆ ಕೈಕೊಟ್ಟು ಮತ್ತೆ ಹುಯ್ದರೆ ಸುಳ್ಳು ಉಂಗುರವೂ ಬರಬಹುದು. ಅದನ್ನು ಸುತ್ತಲೂ ಹಿಂಬಾಲಿಸಿ ನೋಡಿ, ಎಲ್ಲೋ ಒಂದು ಕಡೆ ಮಾಸಿಹೋಗುತ್ತದೆ. ಎಣಿಕೆ ತೊಗಟೆಯಿಂದ ಒಳಕ್ಕೆ ಇರಲಿ, ಕಡಿದ ವರ್ಷ ಗೊತ್ತಿರುತ್ತದಲ್ವಾ. ಹತ್ತಕ್ಕೊಂದು ಗುಂಡುಸೂಜಿ ಚುಚ್ಚಿ. ತೆಂಗಿನ ಮರ ಮಾತ್ರ ಕೊಯ್ಯಬೇಡಿ, ಅದಕ್ಕೆ ಉಂಗುರವೇ ಇಲ್ಲ.

ಎಣಿಕೆ ಸರಿಯಾದ ಮೇಲೂ ನನ್ನ ಬಿಲ್ಲೆ ಬರಗಾಲದ ಸುದ್ದಿಯನ್ನೇ ಎತ್ತಲಿಲ್ಲ. ಪಕ್ಕದಲ್ಲೇ ನಾಲೆ ನೀರು, ಹೊಟ್ಟೆ ತುಂಬಿದ ಮರಕ್ಕೆ ಬರ ಹೇಗೆ ಗೊತ್ತಾಗಬೇಕು? ಕಷ್ಟದ ವರ್ಷದಲ್ಲಿ ಉಂಗುರ ಕಿರಿದಾಗುತ್ತದೆ, ಹಾಗಾಗಿ ಕಷ್ಟಪಟ್ಟು ಬೆಳೆದ ಮರವೇ ಬೇಕು. ಒಣ ಕಲ್ಲುಗುಡ್ಡದ ತೇಗ ಮಳೆಯ ಲೆಕ್ಕ ಹೇಳುತ್ತದೆ. ಬಿಸಿಲಿನ ಲೆಕ್ಕ ಬೇಕಿದ್ದರೆ ಚಳಿಯೇ ಬೆಳವಣಿಗೆಗೆ ಅಡ್ಡ ಬರುವ ಜಾಗಕ್ಕೆ ಹೋಗಬೇಕು: ಎತ್ತರದ ಬೆಟ್ಟದಲ್ಲಿ ಕಾಡು ಮುಗಿಯುವ ಅಂಚು, ಇಲ್ಲವೇ ಉತ್ತರ ಧ್ರುವದ ಕಡೆಯ ಕಾಡು. ಅಲ್ಲಿ ಮರ ಕಡಿಯುವುದಿಲ್ಲ. ಟೊಳ್ಳು ಬೈರಿಗೆಯಿಂದ ಪೆನ್ಸಿಲಿಗಿಂತ ಸಣ್ಣ ಕಡ್ಡಿಯನ್ನು ತೆಗೆಯುತ್ತಾರೆ.

ಒಂದೇ ಮರವನ್ನು ನಂಬಬೇಡಿ. ಇಪ್ಪತ್ತು ಮೂವತ್ತು ಮರಗಳ ಕಿರಿದಾದ ಉಂಗುರಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿ. ಅಮೆರಿಕದ ಅರಿಜೋನಾದಲ್ಲಿ ಈ ದಾರಿ ಹಾಕಿಕೊಟ್ಟ ಡಗ್ಲಸ್ ಮರದವನಲ್ಲ, ನಕ್ಷತ್ರ ನೋಡುತ್ತಿದ್ದವನು! ಮರಕ್ಕೆ ವಯಸ್ಸಾದಂತೆ ಉಂಗುರ ಹೇಗಿದ್ದರೂ ಸಣ್ಣದಾಗುತ್ತದೆ, ಅದನ್ನು ಲೆಕ್ಕದಿಂದ ಕಳೆಯಿರಿ.

ಉಳಿದದ್ದನ್ನು ಹತ್ತಿರದ ಹವಾಮಾನ ಕೇಂದ್ರದ ಹಳೇ ಉಷ್ಣಾಂಶದ ಪಟ್ಟಿಗೆ ಹೊಂದಿಸಿ, ಪಟ್ಟಿಯ ಅರ್ಧದಷ್ಟು ವರ್ಷಗಳನ್ನು ಮಾತ್ರ ಬಳಸಿ, ಉಂಗುರದ ಅಗಲದಿಂದ ಉಷ್ಣಾಂಶ ಹೇಳುವ ಸೂತ್ರ ಮಾಡಿ. ಉಳಿದರ್ಧವನ್ನು ಮುಚ್ಚಿಟ್ಟು, ಆ ವರ್ಷಗಳನ್ನು ಸೂತ್ರದಿಂದ ಊಹಿಸಿ ನೋಡಿ. ಸರಿ ಬಂದರೆ ಅದೇ ಸೂತ್ರದಿಂದ ಪಟ್ಟಿಗಿಂತ ಹಳೇ ಉಂಗುರಗಳ ಬಿಸಿಲನ್ನೂ ಊಹಿಸಬಹುದು. ತಪ್ಪಿದರೆ ಗುಂಡುಸೂಜಿಗಳನ್ನೆಲ್ಲ ಕಿತ್ತು ಮತ್ತೆ ತೊಗಟೆಯಿಂದ ಎಣಿಸಿ.