ಮಳೆಗಿಂತ ಮೊದಲು ಬರುವ ಗಾಳಿ: ಪೆಂಡಾಲ್ ಹಾಕುವವನ ಅನುಭವ

ಬೆಂಗಳೂರಲ್ಲಿ ಪೆಂಡಾಲ್ ಹಾಕುವವರಿಗೆ ಸುಗ್ಗಿ ಅಂದರೆ ಏಪ್ರಿಲ್, ಮೇ. ಮದುವೆ, ಉಪನಯನ, ಗೃಹಪ್ರವೇಶ, ಊರಹಬ್ಬ ಎಲ್ಲ ಆಗಲೇ. ತೊಂದರೆ ಏನೆಂದರೆ ಬಿರುಗಾಳಿಗೂ ಅದೇ ಸುಗ್ಗಿ. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಸರಿಯಾಗಿ ಮುಹೂರ್ತಗಳ ಮೇಲೇ ಬಂದು ಕೂರುತ್ತವೆ. ಜೂನ್ ಕಳೆದ ಮೇಲೆ ಹಿಡಿಯುವ ಜಿಟಿಜಿಟಿ ಮಳೆಗೆ ನಾನು ಹೆದರುವುದಿಲ್ಲ. ಮೇಲೆ ಟಾರ್ಪಾಲು ಹೊದಿಸಿದರೆ ಮುಗಿಯಿತು. ಆಷಾಢದಲ್ಲಿ ಹೇಗೂ ಮದುವೆ ಆರ್ಡರೂ ಇರುವುದಿಲ್ಲ. ನನ್ನ ಭಯವೆಲ್ಲ ಬೇಸಿಗೆಯ ಸಂಜೆಗಳದ್ದು, ಅದರಲ್ಲೂ ಮೊದಲ ಹನಿ ಬೀಳುವುದಕ್ಕೆ ಮುಂಚಿನ ಹತ್ತು ಹದಿನೈದು ನಿಮಿಷದ್ದು.

ಬಿಸಿಲು ಜೋರಾಗಿದ್ದರೆ ಸಂಜೆ ಮಳೆ ಗ್ಯಾರಂಟಿ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. 2024ರ ಏಪ್ರಿಲ್ ನೆನಪಿಸಿಕೊಳ್ಳಿ. ತಿಂಗಳ ಕೊನೆಗೆ 38.5 ಡಿಗ್ರಿ ಮುಟ್ಟಿತು, ಆದರೂ ನಗರದ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆ ಇಡೀ ತಿಂಗಳು ಬೀಳಲಿಲ್ಲ. 1983ರ ನಂತರ ಹಾಗಾಗಿದ್ದು ಅದೇ ಮೊದಲು. ಬಿಸಿಲು ಒಲೆ ಹಚ್ಚಬಹುದು, ಪಾತ್ರೆಯಲ್ಲಿ ನೀರು ಬೇಕಲ್ಲ. ಆ ನೀರು ಬಂಗಾಳ ಕೊಲ್ಲಿಯ ಕಡೆಯಿಂದ ಆಗ್ನೇಯ ಗಾಳಿಯಲ್ಲಿ ಬರಬೇಕು. ಉತ್ತರದ ಒಣಗಾಳಿಯೂ ಈ ತೇವದ ಗಾಳಿಯೂ ನಮ್ಮ ಒಳನಾಡಿನ ಮೇಲೆ ಎದುರಾಗುವ ಪಟ್ಟಿಯನ್ನು ಹವಾಮಾನ ಇಲಾಖೆಯವರು ಟ್ರಫ್ ಅನ್ನುತ್ತಾರೆ. ಅವರ ವರದಿಯಲ್ಲಿ "ದಕ್ಷಿಣ ಒಳನಾಡು ಕರ್ನಾಟಕದ ಮೇಲೆ ಟ್ರಫ್" ಅನ್ನುವ ಸಾಲು ಕಂಡರೆ ಅವತ್ತು ನಾನು ಮಧ್ಯಾಹ್ನದಿಂದ ಸೈಟ್ ಬಿಟ್ಟು ಅಲ್ಲಾಡುವುದಿಲ್ಲ.

ಬೆಳಿಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟಿಕೊಂಡರೆ ಅದೂ ಒಂದು ಸೂಚನೆ. ಆಮೇಲೆ ಹನ್ನೆರಡು ಒಂದು ಗಂಟೆಗೆ ಆಕಾಶ ನೋಡುತ್ತೇನೆ. ಬಿಸಿಯಾದ ನೆಲದ ಮೇಲಿನ ಗಾಳಿ ಏರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ಅದರೊಳಗಿನ ಆವಿ ಹನಿಯಾಗುತ್ತದೆ. ಆವಿ ಹನಿಯಾಗುವಾಗ ಶಾಖ ಹೊರಬಿದ್ದು ಗಾಳಿಯನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಹೀಗೆ ತನ್ನನ್ನು ತಾನೇ ಏರಿಸಿಕೊಳ್ಳುತ್ತಾ ಮೋಡ ಹನ್ನೆರಡು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಹೋಗಬಲ್ಲದು. ಕೆಳಗಿನಿಂದ ನೋಡುವ ನನಗೆ ಬೇಕಾದದ್ದು ಅದರ ತಲೆ. ಅಂಚು ಕತ್ತರಿಸಿದ ಹಾಗೆ ಸ್ಪಷ್ಟವಾಗಿ, ಉಬ್ಬುಬ್ಬಾಗಿ ಇದ್ದರೆ ಇನ್ನೂ ಬೆಳೆಯುತ್ತಿದೆ. ಅಂಚು ಮಸುಕಾಗಿ, ತಲೆ ಚಪ್ಪಟೆಯಾಗಿ ಒಂದು ಕಡೆಗೆ ಹರಡಲು ಶುರುವಾದರೆ ಮೇಲೆ ಮಂಜುಗಡ್ಡೆ ಕಟ್ಟಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಗುಡುಗು, ಸಿಡಿಲು, ಗಾಳಿ ಯಾವುದು ಬೇಕಾದರೂ ಬರಬಹುದು.

ಆಲಿಕಲ್ಲು ಹುಟ್ಟುವುದೂ ಅಲ್ಲೇ. ಏರುಗಾಳಿ ಹನಿಯನ್ನು ಬೀಳಲು ಬಿಡದೆ ಹಿಮದ ಎತ್ತರದಲ್ಲೇ ಆಡಿಸುತ್ತದೆ, ಪದರದ ಮೇಲೆ ಪದರ ಕಟ್ಟುತ್ತದೆ, ಭಾರ ತಡೆಯದಾದಾಗ ಕೈಬಿಡುತ್ತದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಚೆನ್ನೈಗೆ ಹೋಲಿಸಿದರೆ ಕಲ್ಲು ಕರಗಲು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ದಾರಿ ಕಮ್ಮಿ. ಮಕ್ಕಳು ಆರಿಸಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಕೋಲಾರದ ಕಡೆಯ ಮಾವಿನ ತೋಟದವರಿಗೆ ಮಾತ್ರ ಅದು ವರ್ಷದ ಅನ್ನ ಕಸಿದ ಹಾಗೆ.

ಇನ್ನು ಗಾಳಿ. ಮಳೆ ಬೀಳುವಾಗ ಮೋಡದ ಕೆಳಗಿನ ಒಣಗಾಳಿಯಲ್ಲಿ ಹನಿಗಳು ಸ್ವಲ್ಪ ಸ್ವಲ್ಪ ಆವಿಯಾಗುತ್ತವೆ. ಆಗ ಸುತ್ತಲಿನ ಗಾಳಿ ತಣ್ಣಗಾಗಿ, ಭಾರವಾಗಿ, ಧೊಪ್ಪನೆ ಕೆಳಗಿಳಿದು ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತದೆ. ಮಳೆ ಇನ್ನೂ ಕೆಂಗೇರಿಯಲ್ಲಿದ್ದರೆ ಈ ಗಾಳಿ ಆಗಲೇ ಬನಶಂಕರಿಯಲ್ಲಿರಬಹುದು. ಇದನ್ನು ಗುರುತಿಸಲು ಯಂತ್ರ ಬೇಡ. ಅಲ್ಲಿಯವರೆಗೆ ಬೀಸುತ್ತಿದ್ದ ಗಾಳಿ ಒಮ್ಮೆ ಸುಮ್ಮನಾಗುತ್ತದೆ, ಸೈಡ್ ಬಟ್ಟೆ ಜೋತುಬೀಳುತ್ತದೆ. ಆಮೇಲೆ ಇನ್ನೊಂದು ದಿಕ್ಕಿನಿಂದ ತಣ್ಣನೆಯ ಎಳೆಯೊಂದು ಮೊಣಕಾಲಿಗೆ ತಾಕುತ್ತದೆ. ಅದರಲ್ಲಿ ಒದ್ದೆ ಮಣ್ಣಿನ ವಾಸನೆ ಇರುತ್ತದೆ. ಊಟದ ಎಲೆ ಹಾಸಿದ್ದರೆ ಎಲೆಯ ತುದಿ ಮೊದಲು ಮೇಲೇಳುತ್ತದೆ. ಅಷ್ಟು ಕಂಡ ಮೇಲೆ ನಾನು ಯಾರ ಅಪ್ಪಣೆಗೂ ಕಾಯುವುದಿಲ್ಲ.

ಯಾಕೆ ಇಷ್ಟು ಅವಸರ ಅನ್ನುವುದಕ್ಕೆ ಲೆಕ್ಕ ಇದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಮಗಳ ಮದುವೆಗೆ ನನ್ನಿಂದ ಪೆಂಡಾಲ್ ಹಾಕಿಸಿದ ಒಬ್ಬ ಭೌತಶಾಸ್ತ್ರದ ಮೇಷ್ಟ್ರು. 15 ಅಡಿಗೆ 30 ಅಡಿಯ ಒಂದು ಬಟ್ಟೆಗೆ ಗಂಟೆಗೆ 30 ಕಿಲೋಮೀಟರ್ ಗಾಳಿ ನೇರ ಎದುರಿಂದ ಹೊಡೆದರೆ ಸುಮಾರು 180 ಕಿಲೋ ತಳ್ಳಿದಂತೆ. ನಾಲ್ಕು ಹಗ್ಗ ಅದನ್ನು ತಡೆಯುತ್ತವೆ. ಅದೇ ಗಾಳಿ 60 ಆದರೆ 700 ಕಿಲೋ ದಾಟುತ್ತದೆ. ಬೆಂಗಳೂರಿನ ಬೇಸಿಗೆ ಗಾಳಿಗೆ 60 ಏನೂ ಅಪರೂಪವಲ್ಲ. ನಮ್ಮ ಬೀದಿಗಳಲ್ಲಿ ಡಾಂಬರು, ಕಾಂಕ್ರೀಟು. ಗೂಟ ಹೊಡೆಯಲು ಮಣ್ಣೇ ಸಿಗುವುದಿಲ್ಲ, ನೀರು ತುಂಬಿದ ಡ್ರಮ್ಮಿಗೆ ಕಟ್ಟುತ್ತೇವೆ. ಒಂದು ಡ್ರಮ್ಮು 200 ಕಿಲೋ. ಎಷ್ಟು ಡ್ರಮ್ಮು ಇಡುತ್ತೀರಿ? ಹಾಗಾಗಿ ಬಿರುಗಾಳಿಗೆ ಎದುರು ನಿಲ್ಲುವ ಪೆಂಡಾಲ್ ಕಟ್ಟುವ ಆಸೆಯನ್ನು ನಾನು ಬಿಟ್ಟೆ. ಐದು ನಿಮಿಷದಲ್ಲಿ ಇಳಿಯುವ ಪೆಂಡಾಲ್ ಕಟ್ಟುತ್ತೇನೆ.

ಅದಕ್ಕೆ ಕಟ್ಟುವಾಗಲೇ ಯೋಚಿಸಬೇಕು. ಬಟ್ಟೆಯ ಹಗ್ಗಗಳಿಗೆಲ್ಲ ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ತಂತಿ ಸುತ್ತುವ ಅಭ್ಯಾಸ ಕೆಲವರಿಗಿದೆ, ನೋಡಲು ಭದ್ರ, ಆದರೆ ಗಾಳಿಯಲ್ಲಿ ಇಕ್ಕಳ ಹುಡುಕುತ್ತಾ ನಿಲ್ಲಬೇಕಾಗುತ್ತದೆ. ಪ್ರತಿ ಮೂಲೆಗೆ ಒಬ್ಬ ಹುಡುಗ, ಯಾವ ಮೂಲೆ ಯಾರದು ಅಂತ ಮೊದಲೇ ಹೇಳಿರುತ್ತೇನೆ. ಬಿಚ್ಚುವ ಕ್ರಮವೂ ಮುಖ್ಯ. ಮೊದಲು ಸೈಡ್ ಬಟ್ಟೆ, ಯಾಕೆಂದರೆ ಒಳಗೆ ಸಿಕ್ಕಿಕೊಂಡ ಗಾಳಿಯೇ ಮೇಲಿನದನ್ನು ಎತ್ತುವುದು. ಆಮೇಲೆ ಗಾಳಿ ಬರುವ ಕಡೆಯ ಅಂಚನ್ನು ಇಳಿಸುವುದು. ಹಿಂದಿನ ಅಂಚನ್ನು ಮೊದಲು ಬಿಚ್ಚಿದರೆ ಬಟ್ಟೆ ಕಂಬ ಸಮೇತ ಹಾರುತ್ತದೆ. ಮುಂದಿನದು ಇಳಿದರೆ ಗಾಳಿಯೇ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ.

ಕಷ್ಟದ ಕೆಲಸ ಇದಲ್ಲ, ಮನೆಯವರನ್ನು ಒಪ್ಪಿಸುವುದು. "ಏನಪ್ಪಾ, ಒಂದು ಹನಿ ಬಿದ್ದಿಲ್ಲ, ಆಗಲೇ ಬಿಚ್ತಾ ಇದೀಯಲ್ಲ? ಬೀಗರು ಕೂತಿದಾರೆ" ಅಂತ ಯಜಮಾನರು ಸಿಟ್ಟಾಗುತ್ತಾರೆ. "ಹನಿ ಬಿದ್ದ ಮೇಲೆ ಬಿಚ್ಚಕ್ಕಾಗಲ್ಲ ಸಾರ್, ಬೀಗರನ್ನ ಒಳಗೆ ಕರ್ಕೊಳಿ" ಅನ್ನುತ್ತೇನೆ. ಇಂಥ ಹೊತ್ತಲ್ಲಿ ಮನೆಯ ಅಜ್ಜಿಯರು ನನ್ನ ಪರ. ಅವರು ಆಕಾಶ ನೋಡಿ ಬೆಳೆದವರು.

ಇಳಿಸಲಾಗದೆ ಉಳಿದ ಬಟ್ಟೆಯ ಮೇಲೆ ನೀರು ನಿಂತರೆ ಇನ್ನೊಂದು ಕಥೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 30 ಮಿಲಿಮೀಟರ್ ಸುರಿದರೆ ನಾನು ಹೇಳಿದ ಅಳತೆಯ ಬಟ್ಟೆಯ ಮೇಲೆ 1,200 ಲೀಟರಿಗಿಂತ ಹೆಚ್ಚು. ಅರ್ಧ ಹರಿದುಹೋದರೂ ಉಳಿದದ್ದು ಹೊಟ್ಟೆ ಕಟ್ಟಿಕೊಂಡು ಜೋಲುತ್ತದೆ. ಅದರ ಕೆಳಗೆ ನಿಂತು ಬಿದಿರಿನಿಂದ ತಿವಿಯಬಾರದು. ಪಕ್ಕದಲ್ಲಿ ನಿಂತು ಅಂಚನ್ನು ಸಡಿಲಿಸಿ ಹೊರಗೆ ಚೆಲ್ಲಿಸಬೇಕು. 2024ರ ಜೂನ್ 2ರ ಭಾನುವಾರ ನಗರದಲ್ಲಿ 111.1 ಮಿಲಿಮೀಟರ್ ಬಿತ್ತು. 1891ರಿಂದ ಇದ್ದ ಜೂನ್ ತಿಂಗಳ ಒಂದು ದಿನದ ದಾಖಲೆ ಅವತ್ತು ಮುರಿಯಿತು. ಅಂಥ ದಿನ ಯಾವ ಬಿದಿರೂ ಉಪಯೋಗಕ್ಕೆ ಬರುವುದಿಲ್ಲ.

ಅವತ್ತು ಎಂ.ಜಿ. ರಸ್ತೆ ಮತ್ತು ಟ್ರಿನಿಟಿ ನಡುವೆ ಮೆಟ್ರೋ ಹಳಿಯ ಮೇಲೇ ಮರ ಬಿದ್ದಿತ್ತು. ಮರಗಳ ವಿಷಯದಲ್ಲಿ ನನಗೆ ಗಾಳಿಗಿಂತ ನಮ್ಮ ಮೇಲೇ ಸಿಟ್ಟು. ಮಲ್ಲೇಶ್ವರ, ಜಯನಗರದಲ್ಲಿ ಕಂಬ ನಿಲ್ಲಿಸಲು ಜಾಗ ನೋಡುವಾಗ ಮರದ ಬುಡವನ್ನೂ ನೋಡುತ್ತೇನೆ. ಒಂದು ಕಡೆ ಚರಂಡಿಗೆ ಬೇರು ಕತ್ತರಿಸಿರುತ್ತಾರೆ, ಇನ್ನೊಂದು ಕಡೆ ಬುಡದವರೆಗೆ ಕಾಂಕ್ರೀಟು, ಮೇಲೆ ಕರೆಂಟು ತಂತಿಗೆ ತಾಗುತ್ತದೆ ಅಂತ ಒಂದೇ ಪಕ್ಕದ ಕೊಂಬೆ ಕಡಿದಿರುತ್ತಾರೆ. ಭಾರವೆಲ್ಲ ರಸ್ತೆಯ ಕಡೆ. ಮಳೆಗೆ ಮಣ್ಣು ಮೆತ್ತಗಾದರೆ ಅದು ಬೀಳದೆ ಇನ್ನೇನು ಮಾಡೀತು? ಗುಲ್‌ಮೊಹರ್, ನೀರುಕಾಯಿ ಮರಗಳ ಕೆಳಗೆ ಊಟದ ಮೇಜು ಹಾಕಿಸುವುದಿಲ್ಲ, ಎಷ್ಟೇ ನೆರಳಿರಲಿ.

ಸಿಡಿಲಿಗೆ ನಾನು ದಾಮಿನಿ ಆಪ್ ನೋಡುತ್ತೇನೆ, ಅದು ಸುತ್ತ ಎಲ್ಲಿ ಹೊಡೆಯುತ್ತಿದೆ ಅಂತ ತೋರಿಸುತ್ತದೆ. ಫೋನಿಲ್ಲದ ಹುಡುಗರಿಗೆ ಎಣಿಕೆ ಕಲಿಸಿದ್ದೇನೆ: ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಸೆಕೆಂಡಿಗಿಂತ ಕಮ್ಮಿಯಾದರೆ ಕಬ್ಬಿಣದ ಪೈಪು ಬಿಟ್ಟು ಮನೆಯೊಳಗೋ ಲಾರಿ ಕ್ಯಾಬಿನ್ನಿಗೋ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಬರಬಾರದು. ಅಷ್ಟರಲ್ಲಿ ಪೆಂಡಾಲ್ ಇಳಿದಿರದಿದ್ದರೆ ಬಟ್ಟೆ ಹೋಗಲಿ ಬಿಡಿ. ಗಾಳಿ ತಿರುಗಿದೊಡನೆ ಆಫ್ ಆಗಬೇಕಾದದ್ದು ಜನರೇಟರ್. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಸುಳಿಯದೆ ಬೆಸ್ಕಾಂನ 1912ಕ್ಕೆ ಫೋನ್.

ಹವಾಮಾನ ಇಲಾಖೆಯ ಯೆಲ್ಲೋ ಅಲರ್ಟ್ (ಹಳದಿ ಎಚ್ಚರಿಕೆ) ಇಡೀ ಜಿಲ್ಲೆಗೆ, ಇಡೀ ದಿನಕ್ಕೆ. ಅದನ್ನು ನಂಬಿ ಪೆಂಡಾಲ್ ಬಿಚ್ಚಿದರೆ ಮೇ ತಿಂಗಳು ಪೂರ್ತಿ ಬಿಚ್ಚುತ್ತಲೇ ಇರಬೇಕು. ನನಗೆ ಕೆಲಸಕ್ಕೆ ಬರುವುದು ಅವರ ನೌಕಾಸ್ಟ್, ಅಂದರೆ ಮುಂದಿನ ಮೂರು ಗಂಟೆಗೆ ಮಾತ್ರ ಕೊಡುವ ಮುನ್ಸೂಚನೆ, ಜೊತೆಗೆ ಮೇಘಸಂದೇಶ ಆಪ್‌ನಲ್ಲಿ ಪಕ್ಕದ ಬಡಾವಣೆಯ ಮಳೆ ಲೆಕ್ಕ. ವಾಪಸ್ ಬರುವಾಗ ಲೋಡ್ ಗಾಡಿ ಯಾವ ಅಂಡರ್‌ಪಾಸಿಗೂ ಇಳಿಯಬಾರದು ಅಂತ ಡ್ರೈವರಿಗೆ ಹೇಳಿದ್ದೇನೆ. 2023ರ ಮೇ 21ರ ಆಲಿಕಲ್ಲು ಮಳೆಯಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡ ಮೇಲೆ ಅದಕ್ಕೆ ಅವನೂ ಎದುರು ಮಾತಾಡುವುದಿಲ್ಲ.

ಈಗ ಬೇಸಿಗೆಯ ಆರ್ಡರ್ ತಗೊಳ್ಳುವಾಗ ಬಿಲ್ ಪುಸ್ತಕದಲ್ಲೇ ಒಂದು ಸಾಲು ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ: ಗಾಳಿ ಬಂದರೆ ಬಿಚ್ಚುವ ತೀರ್ಮಾನ ಪೆಂಡಾಲ್‌ನವರದು, ಗಾಳಿ ನಿಂತ ಮೇಲೆ ಮತ್ತೆ ಕಟ್ಟಿಕೊಡುವುದಕ್ಕೆ ಬೇರೆ ದುಡ್ಡಿಲ್ಲ. ಮೊದಲ ಅರ್ಧಕ್ಕೆ ಕೆಲವರು ಎದ್ದು ಹೋಗುತ್ತಾರೆ. ಎರಡನೆಯ ಅರ್ಧ ಓದಿ ಹೆಚ್ಚಿನವರು ಅಡ್ವಾನ್ಸ್ ಕೊಡುತ್ತಾರೆ.